ಹತ್ತೂವರೆಗೆ ಬರುವ ಜನ, ಹನ್ನೊಂದೂವರೆಗೆ ಬೀಳುವ ಶಟರ್

ಲೈಟಿಂಗ್ಸ್ ಮತ್ತು ಸೌಂಡ್ಸ್ ಬಾಡಿಗೆಗೆ ಕೊಡುವುದು ನನ್ನ ಕಸುಬು. ಮದುವೆ, ಕ್ರೈಸ್ತರ ಮದುವೆಯ ಮುಂಚಿನ ರೋಸ್, ಜಾತ್ರೆ, ನಾವು ಆಟ ಅನ್ನುವ ಯಕ್ಷಗಾನ, ಸ್ಕೂಲ್ ಡೇ, ಯಾವುದಕ್ಕೂ ಇಲ್ಲ ಅನ್ನುವುದಿಲ್ಲ. ಆದರೆ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದು ಮಳೆ ಹಿಡಿದರೆ ಯಕ್ಷಗಾನ ಮೇಳಗಳ ತಿರುಗಾಟ ಇಲ್ಲ, ದೈವಗಳ ಕೋಲ ನೇಮ ಇಲ್ಲ, ಮೈದಾನದ ಕಾರ್ಯಕ್ರಮದ ಸುದ್ದಿಯೇ ಬೇಡ. ಆಗ ನನ್ನ ಕೈ ಹಿಡಿಯುವುದು ಮಂಗಳೂರಿನ ಪಬ್ಬುಗಳ ಶುಕ್ರವಾರ, ಶನಿವಾರದ ಡಿಜೆ ರಾತ್ರಿಗಳು. ಆದ್ದರಿಂದ ಪಬ್ಬು ಬೇಗ ಮುಚ್ಚುವ ವಿಷಯದಲ್ಲಿ ನನ್ನನ್ನು ಯಾರೂ ನಿಷ್ಪಕ್ಷಪಾತಿ ಅಂದುಕೊಳ್ಳಬೇಡಿ. ನನ್ನ ಹೊಟ್ಟೆಪಾಡು ಅದರಲ್ಲಿ ಉಂಟು.

ಕಾನೂನೇನೂ ಹೊಸತಲ್ಲ. ಬೆಂಗಳೂರಿನಲ್ಲಿ ರಾತ್ರಿ 1 ಗಂಟೆ ಆದರೆ, ನಮ್ಮ ಕಡೆಯ ಬಾರ್ ಆ್ಯಂಡ್ ರೆಸ್ಟೋರೆಂಟುಗಳಿಗೆ 11.30 ಅಂತ ನಾನು ಈ ಲೈನಿಗೆ ಬರುವ ಮೊದಲಿನಿಂದಲೂ ಕೇಳಿದ್ದೇನೆ. ಆದರೆ ಶಟರನ್ನು ಅರ್ಧ ಇಳಿಸಿ ಒಳಗೆ ಹನ್ನೆರಡೂವರೆ ತನಕ ನಡೆಯುತ್ತಿದ್ದದ್ದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಈಗ ಅದು ನಡೆಯುವುದಿಲ್ಲ. ಹತ್ತೂಮುಕ್ಕಾಲಿಗೆ ಲಾಸ್ಟ್ ಆರ್ಡರ್, ಹನ್ನೊಂದಕ್ಕೆ ಮ್ಯೂಸಿಕ್ ಬಂದ್, ಹನ್ನೊಂದೂವರೆಗೆ ಎದುರಿನ ರಸ್ತೆಯಲ್ಲಿ ಪೊಲೀಸ್ ಜೀಪು. ಕಾಗದದ ಮೇಲೆ ಒಂದು ನಿಮಿಷವೂ ಕಡಿಮೆ ಆಗಿಲ್ಲ. ನಮ್ಮ ಲೆಕ್ಕದಲ್ಲಿ ಇಡೀ ರಾತ್ರಿಯ ಒಳ್ಳೆಯ ಗಂಟೆಯೇ ಹೋಗಿದೆ.

ಬೇಗ ಮುಚ್ಚಿದರೆ ಜನ ಬೇಗ ಬರುತ್ತಾರೆ ಅನ್ನುವವರು ಒಂದು ಶನಿವಾರ ಕನ್ಸೋಲಿನ ಹಿಂದೆ ಬಂದು ನಿಲ್ಲಲಿ. ಎಂಟು ಗಂಟೆಗೆ ಮೂಲೆಯ ಟೇಬಲಿನಲ್ಲಿ ಆಫೀಸಿನ ನಾಲ್ಕು ಜನ, ಒಂದು ಪ್ಲೇಟ್ ಘೀ ರೋಸ್ಟ್. ಅವರ ಕಣ್ಣು ಟಿವಿಯ ಕ್ರಿಕೆಟ್ ಮೇಲೆ. ಒಂಬತ್ತಕ್ಕೆ ಒಂದು ಬರ್ತ್‌ಡೇ ಗುಂಪು ಬರುತ್ತದೆ, ಕೇಕ್ ಕತ್ತರಿಸುತ್ತದೆ, ಫೋಟೋ ತೆಗೆಯುತ್ತದೆ, ಕುಳಿತುಬಿಡುತ್ತದೆ. ಹತ್ತು ಗಂಟೆಗೂ ಫ್ಲೋರಿನಲ್ಲಿ ಕಾಣುವುದು ಟೈಲ್ಸ್ ಮಾತ್ರ. ನಮ್ಮೂರಿನವರಿಗೆ ಮೊದಲು ಕುಣಿಯುವುದೆಂದರೆ ನಾಚಿಕೆ ಮಾರಾಯ್ರೆ, ಯಾರಾದರೂ ಒಬ್ಬ ಇಳಿಯಬೇಕು. ಆ ಒಬ್ಬ ಇಳಿಯುವುದು ಹತ್ತೂಕಾಲರ ಮೇಲೆಯೇ. ಹತ್ತೂವರೆಗೆ ಬಾಗಿಲಲ್ಲಿ ನೂಕುನುಗ್ಗಲು. ಬ್ಯಾಂಕು, ಅಂಗಡಿ, ಆಸ್ಪತ್ರೆಯ ಡ್ಯೂಟಿ ಮುಗಿಸಿ, ಸುರತ್ಕಲ್‌ಗೋ ಬಜ್ಪೆಗೋ ಹೋಗಿ ಸ್ನಾನ ಮಾಡಿ ಬಂದವರು ಅವರು. ಅಷ್ಟರಲ್ಲಿ ಮ್ಯಾನೇಜರ್ ನನ್ನ ಕಡೆ ನೋಡಿ ಅಂಗೈ ಕೆಳಗೆ ಮಾಡಿ ತೋರಿಸುತ್ತಾನೆ, ‘ಇಳಿಸು’ ಅಂತ. ಬಾರ್ ಕೌಂಟರಿನಲ್ಲಿ ಎರಡೆರಡು, ಮೂರು ಮೂರು ಲಾರ್ಜ್ ಒಟ್ಟಿಗೆ ಹೇಳಿ ಗಟಗಟ ಮುಗಿಸುತ್ತಾರೆ. ಒಂದೂವರೆ ಗಂಟೆಯಲ್ಲಿ ಕುಡಿಯುವುದನ್ನು ಇಪ್ಪತ್ತು ನಿಮಿಷದಲ್ಲಿ ಕುಡಿದವ ಮತ್ತೆ ಬೈಕ್ ಕೀ ಹುಡುಕುತ್ತಾನೆ.

ಇದು ನಮ್ಮ ಜನರದ್ದು ಮಾತ್ರ ಬುದ್ಧಿ ಅಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಆಸ್ಟ್ರೇಲಿಯಾದ ಹಲವು ರಾಜ್ಯಗಳಲ್ಲಿ, ನ್ಯೂಜಿಲೆಂಡಿನಲ್ಲಿ ಬಾರುಗಳನ್ನು ಸಂಜೆ 6ಕ್ಕೇ ಮುಚ್ಚಿಸಿದರು. ಐದಕ್ಕೆ ಕೆಲಸ ಬಿಟ್ಟವರು ಒಂದು ಗಂಟೆಯೊಳಗೆ ಸಾಧ್ಯವಾದಷ್ಟು ಸುರಿದುಕೊಂಡು ಹೊರಬೀಳುತ್ತಿದ್ದರು. ನ್ಯೂಜಿಲೆಂಡಿನಲ್ಲಿ ಅದು 1967ರ ತನಕ ನಡೆಯಿತು. ಸಿಡ್ನಿಯಲ್ಲಿ 2014ರಲ್ಲಿ, ಕುಡಿದವರ ಹೊಡೆತಕ್ಕೆ ಹುಡುಗರು ಸತ್ತ ಮೇಲೆ, ರಾತ್ರಿ 1.30ರ ನಂತರ ಒಳಗೆ ಬಿಡಬಾರದು, 3ರ ನಂತರ ಕೊಡಬಾರದು ಅಂತ ತಂದರು. ಹೊಡೆದಾಟ ಕಡಿಮೆ ಆಯಿತು, ಅದನ್ನು ಒಪ್ಪಬೇಕು. ಎಷ್ಟೋ ಕ್ಲಬ್ಬುಗಳೂ ಬಾಗಿಲು ಹಾಕಿದವು. 2020ರಲ್ಲಿ ನಗರದ ಹೆಚ್ಚಿನ ಭಾಗದಲ್ಲಿ, 2021ರಲ್ಲಿ ಉಳಿದ ಕಡೆ ಆ ನಿಯಮವನ್ನು ತೆಗೆದುಹಾಕಿದರು. ಮುಚ್ಚಿದ ಕ್ಲಬ್ಬು ಮಾತ್ರ ನಿಯಮ ಹೋದ ಕೂಡಲೇ ಎದ್ದು ನಿಲ್ಲುವುದಿಲ್ಲ.

ನಮ್ಮಲ್ಲಿ ಮೊದಲ ಏಟು ಬಿದ್ದದ್ದು ಪಬ್ಬಿನ ಧಣಿಗಳಿಗೆ ಅಂತ ನನಗನಿಸುವುದಿಲ್ಲ. ಬಾಡಿಗೆ, ಲೈಸೆನ್ಸ್ ಫೀಸು ಅಷ್ಟೇ ಇದ್ದು ವ್ಯಾಪಾರ ಇಳಿದರೆ ಅವರು ಹೇಗೋ ರೇಟ್ ಏರಿಸುತ್ತಾರೆ, ಇಲ್ಲದಿದ್ದರೆ ಒಬ್ಬ ವೇಟರನ್ನು ಕಡಿಮೆ ಮಾಡುತ್ತಾರೆ. ಏಟು ಬಿದ್ದದ್ದು ಓಪನಿಂಗ್ ಸೆಟ್ಟಿನ ಹುಡುಗರಿಗೆ. ಬೆಂಗಳೂರಿನ ಡಿಜೆ ಬರುವ ಮೊದಲು ಒಂದು ಗಂಟೆ ನಮ್ಮ ಊರಿನ ಹುಡುಗನೊಬ್ಬ ನುಡಿಸುವ ಕ್ರಮ ಇತ್ತು. ದುಡ್ಡು ಬಹಳ ಇಲ್ಲ, ಆದರೆ ಕಲಿಯುವುದು ಅಲ್ಲೇ. ಜನ ಕುಳಿತಲ್ಲಿ ಕಾಲು ಅಲ್ಲಾಡಿಸುವ ಹಾಗೆ ಮಾಡಬೇಕು, ಎಬ್ಬಿಸಬಾರದು, ಎಬ್ಬಿಸುವ ಹಾಡೆಲ್ಲ ಮುಖ್ಯ ಡಿಜೆಗೆ ಉಳಿಸಬೇಕು. ಈಗ ಮುಖ್ಯ ಡಿಜೆಯನ್ನೇ ಒಂಬತ್ತಕ್ಕೆ ಹತ್ತಿಸುತ್ತಾರೆ. ನನ್ನ ಜೊತೆ ವಯರ್ ಎಳೆಯುತ್ತಿದ್ದ ಹುಡುಗನೊಬ್ಬ, ಡಿಜೆಗಳು ಹಾಡು ಬೆರೆಸುವ ಕಂಟ್ರೋಲರನ್ನು ಸಾಲದಲ್ಲಿ ತೆಗೆದವ, ಕೇಳಿದ: “ಅಣ್ಣಾ, ಇನ್ನು ನಾನು ಎಲ್ಲಿ ಕಲಿಯುವುದು?” ಮೆಹಂದಿಯಲ್ಲಿ ಕಲಿ ಅಂದೆ. ಮೆಹಂದಿಯಲ್ಲಿ ಬೀಟ್ ಮ್ಯಾಚ್ ಮಾಡಲು, ಅಂದರೆ ಒಂದು ಹಾಡಿನ ತಾಳಕ್ಕೆ ಮುಂದಿನದ್ದನ್ನು ಕೂಡಿಸಲು, ಬಿಡುವುದಿಲ್ಲ, ವಧುವಿನ ಚಿಕ್ಕಪ್ಪ ಎರಡು ನಿಮಿಷಕ್ಕೊಮ್ಮೆ ಬಂದು ತಮ್ಮ ಹಾಡು ಕೇಳುತ್ತಾರೆ.

ನೆರೆಯವರ ಸಿಟ್ಟು ಸುಳ್ಳು ಅಂತ ನಾನು ಹೇಳುವುದಿಲ್ಲ. ಸ್ಪೀಕರಿನ ಬೇಸ್ ಸದ್ದು ಗೋಡೆ ದಾಟಿ ಹೋಗುತ್ತದೆ. ಹಾಡು ಕೇಳಿಸದಿದ್ದರೂ ಪಕ್ಕದ ಮನೆಯ ಕಿಟಕಿ ಗಾಜು ಗುಂಯ್ ಅನ್ನುತ್ತಿರುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಹೊರಗೆ ಧ್ವನಿವರ್ಧಕ ಕೂಡದು, ಜನವಸತಿಯಲ್ಲಿ ರಾತ್ರಿಗೆ 45 ಡೆಸಿಬಲ್ ಅಂತ 2000ದ ನಿಯಮ ಹೇಳುತ್ತದೆ. ಸುತ್ತ ಮುಚ್ಚಿದ ಹಾಲಿನ ಒಳಗೆ ವಿನಾಯಿತಿ ಉಂಟು. ಅದಕ್ಕೇ ತಾರಸಿಯ ಪಬ್ಬುಗಳ ಸ್ಪೀಕರು ಹತ್ತಕ್ಕೇ ಬಾಯಿ ಮುಚ್ಚಬೇಕು, ಅದು ಸರಿಯೂ ಹೌದು. ಇದೇ ನಿಯಮ ಆಟಕ್ಕೂ ಬಂತಲ್ಲ. ಕಟೀಲು ಮೇಳದವರು 2022ರಲ್ಲಿ ಕಾಲಮಿತಿಗೆ ಇಳಿದರು, ಹೈಕೋರ್ಟಿನ ಆದೇಶದ ನಂತರ 2024ರ ಜನವರಿಯಲ್ಲಿ ಪುನಃ ಇಡೀ ರಾತ್ರಿಯ ಆಟ ಶುರುವಾಯಿತು. ಆಟವನ್ನಾದರೆ ಸಂಜೆಗೇ ಶುರು ಮಾಡಬಹುದು. ಪಬ್ಬಿನ ಗಿರಾಕಿಗೆ ಸಂಜೆ ಎಂಬುದೇ ಇಲ್ಲ.

ಆದರೆ ನನಗೆ ಕಂಡ ಹಾಗೆ ನೆರೆಯವರ ನಿದ್ದೆ ಹೆಚ್ಚು ಕೆಡುವುದು ಮುಚ್ಚಿದ ಮೇಲೆ. ಎಲ್ಲ ಪಬ್ಬುಗಳೂ ಒಂದೇ ಹೊತ್ತಿಗೆ ಜನರನ್ನು ರಸ್ತೆಗೆ ಬಿಟ್ಟರೆ ಹಾರ್ನು, ಬೊಬ್ಬೆ, ಕಾರು ರಿವರ್ಸ್ ತೆಗೆಯುವ ಜಗಳ. ಸಿಟಿ ಬಸ್ಸು ಯಾವಾಗಲೋ ನಿಂತಿರುತ್ತದೆ. ಆಟೋದಲ್ಲಿ ಹತ್ತರ ನಂತರ ಮೀಟರಿನ ಒಂದೂವರೆ ಪಟ್ಟು, ಅದಕ್ಕೂ ಬರುವವರಿಲ್ಲ.

ಜನ ಮನೆಗೆ ಹೋಗುತ್ತಾರಾ ಅಂದರೆ, ಅದೂ ಇಲ್ಲ. ನನಗೆ ಫೋನ್ ಬರುವುದರಲ್ಲೇ ಗೊತ್ತಾಗುತ್ತದೆ. ಪಬ್ಬಿನ ಬುಕಿಂಗ್ ಕಡಿಮೆ ಆದಷ್ಟೂ ತೋಟದ ಮನೆ, ಹೋಮ್‌ಸ್ಟೇ, ಖಾಲಿ ಫ್ಲ್ಯಾಟುಗಳ ಬುಕಿಂಗ್ ಬರುತ್ತಿದೆ. ಬಾಡಿಗೆ ಅಲ್ಲಿ ಜಾಸ್ತಿಯೇ, ನನಗೆ ನಷ್ಟ ಇಲ್ಲ. ಆದರೆ ಅಲ್ಲಿ ಬೌನ್ಸರ್ ಇಲ್ಲ, ಕ್ಯಾಮೆರಾ ಇಲ್ಲ, ‘ಸಾಕು, ಇನ್ನು ಕೊಡುವುದಿಲ್ಲ’ ಅನ್ನುವ ಬಾರ್‌ಮ್ಯಾನ್ ಇಲ್ಲ. ಹಾಗೊಂದು ತೋಟದ ಮನೆಯಲ್ಲಿ ನಾವು ಸ್ಪೀಕರುಗಳನ್ನು ಏಸ್ ಗಾಡಿಗೆ ತುಂಬಿಸುತ್ತಿದ್ದಾಗ ಒಂದು ಹುಡುಗಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬಂದಳು. “ಅಂಕಲ್, ಮೈನ್ ರೋಡ್ ತನಕ ಬಿಡ್ತೀರಾ?” ಗುರುತಿಲ್ಲದ ಸೌಂಡ್ಸಿನವರೇ ಆ ಹೊತ್ತಿಗೆ ಅವಳಿಗೆ ನಂಬಬಹುದಾದವರಾಗಿ ಕಂಡರು ಅಂದರೆ ಒಳಗಿನ ಪರಿಸ್ಥಿತಿ ಹೇಗಿದ್ದಿರಬೇಕು. ನನ್ನ ಹುಡುಗ ಹಿಂದೆ ಸಬ್ ವೂಫರಿನ ಮೇಲೆ ಕುಳಿತ, ಅವಳನ್ನು ಎದುರು ಕೂರಿಸಿಕೊಂಡು ಹಾಸ್ಟೆಲಿನ ಗೇಟಿನ ತನಕವೇ ಬಿಟ್ಟು ಬಂದೆವು.

ಹೆಣ್ಣುಮಕ್ಕಳ ಸುರಕ್ಷತೆಗಾಗಿ ಬೇಗ ಮುಚ್ಚುವುದು ಅಂತ ಯಾರಾದರೂ ಹೇಳಿದರೆ ನನಗೆ 2009ರ ಜನವರಿ ನೆನಪಾಗುತ್ತದೆ. ಬಲ್ಮಠದ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಅಟ್ಟಾಡಿಸಿ ಹೊಡೆದದ್ದು ಹಗಲು ಹೊತ್ತಿನಲ್ಲಿ. ಆರೋಪಿಗಳು 2018ರಲ್ಲಿ ಖುಲಾಸೆಯಾದರು. 2012ರಲ್ಲಿ ಪಡೀಲಿನ ಹೋಮ್‌ಸ್ಟೇಯಲ್ಲಿ ಬರ್ತ್‌ಡೇ ಮಾಡುತ್ತಿದ್ದವರ ಮೇಲೆ ಬಿದ್ದಾಗಲೂ ನಡುರಾತ್ರಿ ಆಗಿರಲಿಲ್ಲ.

2024ರ ಬಜೆಟ್ಟಿನಲ್ಲಿ ಬೆಂಗಳೂರಿನ ಜೊತೆ ಇನ್ನೂ 10 ಮಹಾನಗರ ಪಾಲಿಕೆಗಳಲ್ಲಿ ವ್ಯಾಪಾರಕ್ಕೆ ರಾತ್ರಿ 1ರ ತನಕ ಅವಕಾಶ ಅಂತ ಮುಖ್ಯಮಂತ್ರಿಗಳು ಓದಿದಾಗ ನಾವೆಲ್ಲ ಸ್ವಲ್ಪ ಕುಣಿದಿದ್ದೆವು. ನಮ್ಮ ಪಬ್ಬುಗಳ 11.30 ಮಾತ್ರ ಹಾಗೇ ಉಳಿಯಿತು. ನನ್ನನ್ನು ಕೇಳಿದರೆ ಎಲ್ಲಕ್ಕೂ ಒಂದೇ ಗಂಟೆ ಬೇಡ. ಬಾರ್ ಕೌಂಟರ್ ಮೊದಲು ಮುಚ್ಚಲಿ, ಒಳಗಿನ ಮ್ಯೂಸಿಕ್ ಸಣ್ಣದಾಗಿ ಹನ್ನೆರಡರ ತನಕ, ಅಡುಗೆಮನೆ ಒಂದರ ತನಕ ಇರಲಿ. ಜನ ಊಟ ಮಾಡಿ, ನೀರು ಕುಡಿದು, ಒಬ್ಬೊಬ್ಬರಾಗಿ ಹೋಗುತ್ತಾರೆ.

ಸದ್ಯಕ್ಕೆ ನಮ್ಮ ಒಂದು ಪಬ್ಬಿನ ಧಣಿ ಬೇರೆ ದಾರಿ ಹಿಡಿದಿದ್ದಾರೆ, ಭಾನುವಾರ ಮಧ್ಯಾಹ್ನದ ಡಿಜೆ. ಹನ್ನೆರಡರಿಂದ ಐದು, ನೀರುದೋಸೆ ಕೋರಿ ಗಸಿಯ ಊಟದ ಜೊತೆ. ನಮ್ಮ ಕಂಟ್ರೋಲರ್ ಸಾಲದ ಹುಡುಗನಿಗೆ ಅಲ್ಲಿ ಎರಡು ಗಂಟೆ ಸಿಕ್ಕಿದೆ, ಅಮ್ಮನನ್ನೂ ಕರೆದುಕೊಂಡು ಬಂದಿದ್ದ. ಬಿಸಿಲಿಗೆ ಲೇಸರ್ ಕಾಣುವುದಿಲ್ಲವಾದ್ದರಿಂದ ಲೈಟಿಂಗ್ಸ್ ಬೇಡ ಅಂದಿದ್ದಾರೆ ಧಣಿ. ಸೌಂಡ್ಸಿನ ಬಾಡಿಗೆ ಮಾತ್ರ, ಅದರಲ್ಲೂ ಚರ್ಚೆ ನಡೆಯುತ್ತಾ ಉಂಟು.