ಜಾಸ್ತಿ ಹಾಲು ಕೊಡುವ ಹಸುವೇ ಒಳ್ಳೆಯ ಹಸುವಾ?

ನನ್ನ ಕೆಲಸ ಹಸುಗಳ ಬಗ್ಗೆಯೇ ಆದರೂ ಹೆಚ್ಚು ಹೊತ್ತು ಕಣ್ಣೆದುರು ಇರುವುದು ಅಂಕಿಗಳು. ಯಾವ ಹೋರಿಯ ಮಗಳು ಎಷ್ಟು ಹಾಲು ಕೊಟ್ಟಿತು, ಕೆಚ್ಚಲು ಬಾವು ಎಷ್ಟು ಸಲ ಬಂತು, ಕರು ಹಾಕಿದ ಮೇಲೆ ಮತ್ತೆ ಗಬ್ಬ ನಿಲ್ಲಲು ಎಷ್ಟು ದಿನ ಹಿಡಿಯಿತು. ಇದನ್ನೆಲ್ಲ ಕೂಡಿಸಿ ಪ್ರತಿ ಹೋರಿಗೂ ಒಂದು ತಳಿಮೌಲ್ಯ ಕಟ್ಟುತ್ತೇವೆ, ಅಂದರೆ ಅದರ ಕರುಗಳಿಗೆ ಎಂಥ ಗುಣ ಬರಬಹುದು ಎಂಬ ಅಂದಾಜಿನ ಅಂಕಿ. 'ತಳಿ ಸುಧಾರಿಸಿದರೆ ಪರಿಸರಕ್ಕೆ ಒಳ್ಳೆಯದಾ?' ಎಂದು ಕೇಳುವವರಿಗೆ ನಾನು ತಕ್ಷಣ ಹೌದು ಅನ್ನುವುದಿಲ್ಲ. ಆ ಒಂದು ಅಂಕಿಯೊಳಗೆ ಏನೇನು ಸೇರಿಸಿದ್ದೀರಿ ಎಂದು ತಿರುಗಿ ಕೇಳುತ್ತೇನೆ.

ಲಾಭವಂತೂ ನಿಜ. ಅಮೆರಿಕದಲ್ಲಿ 1944ರಲ್ಲಿ ಸುಮಾರು 2.56 ಕೋಟಿ ಹಾಲಿನ ಹಸುಗಳಿದ್ದವು. 2007ಕ್ಕೆ ಉಳಿದದ್ದು 92 ಲಕ್ಷ. ಹಾಲು ಮಾತ್ರ 5,300 ಕೋಟಿ ಕಿಲೋದಿಂದ 8,400 ಕೋಟಿಗೆ ಏರಿತ್ತು. ಒಂದು ಕಿಲೋ ಹಾಲಿನ ಹಿಂದಿನ ಹಸಿರುಮನೆ ಅನಿಲ 1944ರಲ್ಲಿ ಇದ್ದುದರ ಶೇ. 37ಕ್ಕೆ ಇಳಿದಿತ್ತು. ಹಸು ಹಾಲು ಕೊಡಲಿ, ಬಿಡಲಿ, ಬದುಕಲು ಮೇವು ತಿನ್ನಲೇಬೇಕು. ತಿಂದ ಮೇಲೆ ಮೀಥೇನ್ ತೇಗಲೇಬೇಕು. ಹಾಲು ಜಾಸ್ತಿಯಾದಷ್ಟೂ ಆ ಖರ್ಚು ಹಂಚಿಹೋಗುತ್ತದೆ, ಅಷ್ಟೇ.

ಇದರಲ್ಲಿ ಮೇವು, ಆರೈಕೆಯ ಪಾಲೂ ಇದೆ ಅಲ್ವಾ ಅನ್ನಬಹುದು. ಇದೆ. ತಳಿಯ ಪಾಲನ್ನು ಬೇರೆ ಮಾಡಿ ನೋಡಬೇಕಾದರೆ ಆಲ್ಬರ್ಟಾ ವಿಶ್ವವಿದ್ಯಾಲಯದವರು ಮಾಡಿದ ಪ್ರಯೋಗ ನೋಡಿ. 1957, 1978 ಮತ್ತು 2005ರ ತಳಿಯ ಮಾಂಸದ ಕೋಳಿಗಳಿಗೆ ಒಂದೇ ಬಗೆಯ ಮೇವು ಹಾಕಿ ಬೆಳೆಸಿದರು. 56ನೇ ದಿನ ಅವು ತೂಗಿದ್ದು 905 ಗ್ರಾಂ, 1,808 ಗ್ರಾಂ, 4,202 ಗ್ರಾಂ.

ಆದರೆ ಆರಿಸದೇ ಬಿಟ್ಟ ಗುಣ ಇದ್ದಲ್ಲೇ ಇರುವುದಿಲ್ಲ, ಕೆಲವೊಮ್ಮೆ ಜಾರುತ್ತದೆ. ಕಪ್ಪು-ಬಿಳುಪಿನ ಹಾಲಿನ ತಳಿಯಾದ ಹೋಲ್‌ಸ್ಟೈನ್ ಹಸುಗಳಲ್ಲಿ ದಶಕಗಟ್ಟಲೆ ಹಾಲಿನ ಹಿಂದೆ ಹೋದಾಗ ಗಬ್ಬ ನಿಲ್ಲುವುದು ಕಷ್ಟವಾಗುತ್ತಾ ಬಂತು. ಗಬ್ಬ ನಿಲ್ಲದ ಹಸುವನ್ನು ಕೊಟ್ಟಿಗೆಯಿಂದ ಹೊರಹಾಕಿ ಅದರ ಜಾಗಕ್ಕೆ ಮಣಕ ತರಬೇಕು. ಆ ಮಣಕ ಮೊದಲ ಕರು ಹಾಕುವವರೆಗೆ ಸುಮಾರು ಎರಡು ವರ್ಷ ಸುಮ್ನೆ ತಿನ್ನುತ್ತದೆ, ತೇಗುತ್ತದೆ, ಒಂದು ಲೋಟ ಹಾಲೂ ಇಲ್ಲ. ಪ್ರತಿ ಸೂಲಿನಲ್ಲಿ ಗಳಿಸಿದ್ದನ್ನು ಹಸುವಿನ ಆಯುಷ್ಯದಲ್ಲಿ ಕಳೆದುಕೊಂಡ ಹಾಗೆ. ನಾರ್ವೆಯವರು ತಮ್ಮ ಕೆಂಪು ತಳಿಯಲ್ಲಿ 1970ರ ದಶಕದಲ್ಲೇ ಫಲವತ್ತತೆ, ಕೆಚ್ಚಲು ಬಾವು ಎರಡನ್ನೂ ಲೆಕ್ಕಕ್ಕೆ ಸೇರಿಸಿದರು. ಅಮೆರಿಕದಲ್ಲಿ ಹೋರಿಯ ಹೆಣ್ಣುಮಕ್ಕಳ ಗಬ್ಬದ ದರಕ್ಕೆ ತಳಿಮೌಲ್ಯ ಬಂದದ್ದು 2003ರಲ್ಲಿ.

ನನಗೆ ತುಂಬಾ ಇಷ್ಟವಾದ ಉದಾಹರಣೆ ಹಸುವಿನದ್ದಲ್ಲ, ಮೊಟ್ಟೆ ಕೋಳಿಯದ್ದು. ಪಂಜರದಲ್ಲಿ ಅಕ್ಕಪಕ್ಕದವನ್ನು ಕುಕ್ಕಿ ಸಾಯಿಸುವ ಕೋಳಿಯೂ ತಾನು ಚೆನ್ನಾಗಿ ಮೊಟ್ಟೆ ಇಡಬಹುದು. ಒಂಟಿಯಾಗಿ ಅಳೆದರೆ ಅದೇ ಗೆಲ್ಲುತ್ತದೆ. ಪರ್ಡ್ಯೂ ವಿಶ್ವವಿದ್ಯಾಲಯದ ವಿಲಿಯಂ ಮ್ಯೂರ್ ಒಂದೇ ಕುಟುಂಬದ ಕೋಳಿಗಳನ್ನು ಒಟ್ಟಿಗೆ ಇಟ್ಟು, ಇಡೀ ಗುಂಪನ್ನೇ ಅಳೆದು ಆರಿಸಿದರು. ಕೆಲವೇ ತಲೆಮಾರುಗಳಲ್ಲಿ ವರ್ಷದ ಸಾವು ಶೇ. 68ರಿಂದ ಶೇ. 8.8ಕ್ಕೆ ಇಳಿಯಿತು. ಫಲಿತಾಂಶ ಪ್ರಕಟವಾದದ್ದು 1996ರಲ್ಲಿ. ಸತ್ತ ಕೋಳಿ ತಿಂದ ಮೇವೂ ಪರಿಸರದ ಲೆಕ್ಕಕ್ಕೇ ಸೇರುತ್ತದೆ, ಅದನ್ನು ಮರೆಯುವವರೇ ಜಾಸ್ತಿ.

ಈಗಿನ ಚರ್ಚೆಯೆಲ್ಲ ಮೀಥೇನ್ ಸುತ್ತ. ನ್ಯೂಜಿಲೆಂಡಿನಲ್ಲಿ ಕಡಿಮೆ ಮೀಥೇನ್ ಬಿಡುವ ಕುರಿಗಳನ್ನೇ ಆರಿಸಿ ಅವುಗಳದ್ದೇ ಒಂದು ತಳಿಸಾಲು ಬೆಳೆಸಿದ್ದಾರೆ. ಅವುಗಳಲ್ಲಿ ಮೇವು ಹುಳಿಯುವ ಮೊದಲ ಹೊಟ್ಟೆ ಚಿಕ್ಕದು, ಮೇವು ಅಲ್ಲಿ ಕಡಿಮೆ ಹೊತ್ತು ನಿಲ್ಲುತ್ತದೆ. ಕುರಿಯನ್ನು ಪೆಟ್ಟಿಗೆಯಂಥ ಕೋಣೆಗೆ ನುಗ್ಗಿಸಿ ಅನಿಲ ಅಳೆಯಬಹುದು, ಆದರೆ ಲಕ್ಷಾಂತರ ಹಸುಗಳನ್ನು ಹಾಗೆ ಅಳೆಯುವುದು ಯಾರಿಂದ ಸಾಧ್ಯ? ಕೆನಡಾದಲ್ಲಿ ಹಾಲಿನ ಹಸುಗಳ ಲೆಕ್ಕ ಇಡುವ ಲ್ಯಾಕ್ಟನೆಟ್ ಸಂಸ್ಥೆ ಹಾಲಿಗೇ ಇನ್‌ಫ್ರಾರೆಡ್ ಬೆಳಕು ಹಾಯಿಸಿ ಮೀಥೇನನ್ನು ಅಂದಾಜು ಮಾಡುತ್ತದೆ. 2023ರ ಏಪ್ರಿಲ್‌ನಿಂದ ಹೋಲ್‌ಸ್ಟೈನ್‌ಗಳಿಗೆ ಅದರ ತಳಿಮೌಲ್ಯ ಸಿಗುತ್ತಿದೆ. ಜೀನೋಮಿಕ್ ಆಯ್ಕೆ ಇರುವುದರಿಂದ ಹೋರಿಯ ಹೆಣ್ಣುಮಕ್ಕಳು ಹಾಲು ಕೊಡುವವರೆಗೆ ಕಾಯಬೇಕಿಲ್ಲ. ಕರುವಿನ ಡಿಎನ್ಎ ನೋಡಿಯೇ ಅಂದಾಜು ಮಾಡಬಹುದು.

ಇಷ್ಟಾದರೂ ಒಂದು ವಿಷಯ ಉಳಿಯುತ್ತದೆ. ನಮ್ಮ ಲೆಕ್ಕವೆಲ್ಲ ಒಂದು ಕಿಲೋಗೆ ಎಷ್ಟು ಎಂಬುದರದ್ದು. ಕಿಲೋಗೆ ಅನಿಲ ಕಡಿಮೆಯಾಗಿ, ಕಿಲೋಗಳೇ ಜಾಸ್ತಿಯಾದರೆ ಒಟ್ಟು ಮೊತ್ತ ಏರಬಹುದು. ಅದನ್ನು ಯಾವ ಹೋರಿಯೂ ಸರಿಪಡಿಸುವುದಿಲ್ಲ.

ಇನ್ನು ಮೀಥೇನ್ ಕಡಿಮೆ ಮಾಡಿದ್ದಕ್ಕೆ ಹೈನುಗಾರರಿಗೆ ಯಾರೂ ಹಣ ಕೊಡದಿದ್ದರೆ, ಅದೊಂದನ್ನೇ ನೋಡಿ ಅವರು ಹೋರಿ ಆರಿಸುವುದು ಕಷ್ಟ. ಹಾಗಾಗಿ ಯಾವ ಗುಣಕ್ಕೆ ಎಷ್ಟು ತೂಕ ಎಂಬ ಮಾತು ಬಂದಾಗ ನಾನು ಮೊದಲು ವಾದಿಸುವುದು ಆಯುಷ್ಯ ಮತ್ತು ಫಲವತ್ತತೆಯ ಪರವಾಗಿ. ಐದಾರು ಸೂಲು ಬಾಳುವ ಹಸು ಇದ್ದರೆ ಸಾಕಬೇಕಾದ ಮಣಕಗಳು ಕಡಿಮೆ, ಅವುಗಳ ಮೀಥೇನೂ ಕಡಿಮೆ. ಆ ಉಳಿತಾಯ ನೇರವಾಗಿ ಹೈನುಗಾರರ ಕೈಗೇ ಹೋಗುತ್ತದೆ, ಅದಕ್ಕೆ ಯಾವ ಸಬ್ಸಿಡಿಯೂ ಬೇಡ.