ಬಾಲಮಂದಿರಕ್ಕೆ ಹೋದ ಮಗು ವಾಪಸ್ ಮನೆಗೆ ಬರ್ತದಾ?

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಬದಿಯಡ್ಕ ಕಡೆಯ ಅಜ್ಜಿಯಂದಿರು, ಚಿಕ್ಕಮ್ಮಂದಿರು, ಮಾವಂದಿರು ಕೇಳುವುದು ಹೆಚ್ಚುಕಡಿಮೆ ಇದೊಂದೇ: "ಮಗುವನ್ನು ಸರಕಾರದವರು ಕರ್ಕೊಂಡು ಹೋದ್ರು, ಇನ್ನು ನಮಗೆ ಸಿಗ್ತದಾ?"

ಸಿಗುತ್ತದೆ. ಮಗುವನ್ನು ಮನೆಯವರ ಬಳಿಗೆ ಮರಳಿಸುವುದೇ ಬಾಲಮಂದಿರದ (ರಕ್ಷಣೆ ಬೇಕಾದ ಮಕ್ಕಳನ್ನು ಇರಿಸುವ ಮನೆ) ಮುಖ್ಯ ಉದ್ದೇಶ ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆ. ಆದರೆ ಕೊಡುವವರು ಬಾಲಮಂದಿರದವರಲ್ಲ. ಮಗು ನಮ್ಮ ಜಿಲ್ಲೆಯ ಪರವನಡ್ಕದ ಬಾಲಮಂದಿರದಲ್ಲಿರಲಿ, ಬೇರೆ ಜಿಲ್ಲೆಯಲ್ಲಿರಲಿ, ಇಂಥ ಮಕ್ಕಳ ವಿಷಯ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ (ಎಲ್ಲರೂ ಹೇಳುವ ಸಿಡಬ್ಲ್ಯುಸಿ) ಆದೇಶವಿಲ್ಲದೆ ಗೇಟು ದಾಟಿಸುವಂತಿಲ್ಲ. ಸುಪರಿಂಟೆಂಡೆಂಟರ ಮುಂದೆ ಅತ್ತರೂ ಬೈದರೂ ಬಸ್ ಚಾರ್ಜು ದಂಡ.

ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಗುವನ್ನು ಸಮಿತಿಯ ಮುಂದೆ ತರಬೇಕು. ಮನೆಯ ಸ್ಥಿತಿಗತಿಯ ತನಿಖಾ ವರದಿಗೆ 15 ದಿನ, ಅಂತಿಮ ಆದೇಶಕ್ಕೆ ನಾಲ್ಕು ತಿಂಗಳು. ಮನೆಯವರು ಎಚ್ಚರವಾಗಿರಬೇಕಾದದ್ದು ಆ 15 ದಿನ. ವರದಿಗೆ ಬಂದವರು ಮನೆ ಹೆಂಚಿನದೋ ಶೀಟಿನದೋ ಎಂದು ನೋಡುವುದಿಲ್ಲ. ಹಗಲು ಮಗುವಿನ ಜೊತೆ ಯಾರಿರುತ್ತಾರೆ, ರಾತ್ರಿ ಎಲ್ಲಿ ಮಲಗುತ್ತದೆ, ಯಾವ ಶಾಲೆ, ಯಾವ ಕಾರಣಕ್ಕೆ ಕರೆದೊಯ್ದರೋ ಅದು ಇನ್ನೂ ಇದೆಯೋ ಎಂದು ನೋಡುತ್ತಾರೆ. "ಎಲ್ಲ ಸರಿ ಉಂಟು" ಎಂಬುದು ಅತಿ ಕೆಟ್ಟ ಉತ್ತರ. ಅಪ್ಪ ಕುಡಿದು ಹೊಡೆಯುತ್ತಾನೆಂದು ಫೈಲಿನಲ್ಲಿ ಬರೆದಿರುವಾಗ ಹಾಗಂದರೆ ಯಾರೂ ನಂಬುವುದಿಲ್ಲ. ಅದರ ಬದಲು, ಮಗು ಚಿಕ್ಕಮ್ಮನ ಮನೆಯಲ್ಲಿರುತ್ತದೆ, ಅಪ್ಪನನ್ನು ಅಲ್ಲಿಗೆ ಬರಗೊಡುವುದಿಲ್ಲ ಎಂದು ಚಿಕ್ಕಮ್ಮನೇ ಮುಚ್ಚಳಿಕೆ ಬರೆದುಕೊಡಲಿ.

ಸಂಬಂಧ ತೋರಿಸುವ ಕಾಗದದಲ್ಲೇ ಹೆಚ್ಚು ಜನ ಸಿಕ್ಕಿಬೀಳುತ್ತಾರೆ. ಶಾಲೆಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು. ಅಜ್ಜಿಯ ರೇಷನ್ ಕಾರ್ಡಿನಲ್ಲಿ ಮಗುವೇ ಇಲ್ಲ. ಅಕ್ಷಯ ಕೇಂದ್ರದಲ್ಲಿ (ಕೇರಳ ಸರಕಾರದ ಆನ್‌ಲೈನ್ ಸೇವಾ ಕೇಂದ್ರ) ಅರ್ಜಿ ಹಾಕಿ ವಿಲ್ಲೇಜ್ ಆಫೀಸಿನ ಸಂಬಂಧ ಪ್ರಮಾಣಪತ್ರ ಪಡೆಯಿರಿ. ಜನನ ಪ್ರಮಾಣಪತ್ರ, ತಂದೆ ಅಥವಾ ತಾಯಿ ತೀರಿಹೋಗಿದ್ದರೆ ಮರಣ ಪ್ರಮಾಣಪತ್ರ ಜೊತೆಗಿರಲಿ. ಅರ್ಜಿ ಕನ್ನಡದಲ್ಲಿ ಕೊಡುವ ಹಕ್ಕು ನಮಗಿದೆ. ಕೊಡಿ, ಆದರೆ ಒಂದು ಮಲಯಾಳ ಪ್ರತಿಯನ್ನೂ ಲಗತ್ತಿಸಿ. ಹಕ್ಕು ಹಕ್ಕೇ, ಫೈಲು ಓಡಬೇಕಾದರೆ ಓದುವವರಿಗೆ ತಿಳಿಯಬೇಕಲ್ಲ.

ಮಲಯಾಳದಲ್ಲಿರುವ ಯಾವ ಕಾಗದಕ್ಕೂ ಓದಿಸಿಕೊಳ್ಳದೆ ಸಹಿ ಹಾಕಬೇಡಿ. ಮುಖ್ಯವಾಗಿ ತಂದೆತಾಯಿ. ಮಗುವನ್ನು ಕಾನೂನುಬದ್ಧವಾಗಿ ಬಿಟ್ಟುಕೊಡುವ 'ಸರೆಂಡರ್' ಪತ್ರವೇ ಬೇರೆ, ತಾತ್ಕಾಲಿಕವಾಗಿ ಬಾಲಮಂದಿರದಲ್ಲಿ ಇರಿಸುವುದೇ ಬೇರೆ. ಸರೆಂಡರಿಗೆ ಸಹಿ ಬಿದ್ದರೆ ಮನಸ್ಸು ಬದಲಿಸಲು ಎರಡು ತಿಂಗಳ ಅವಕಾಶ ಮಾತ್ರ. ಆಮೇಲೆ ಮಗು ದತ್ತು ಹೋಗಬಹುದು.

ನಮ್ಮ ಗಡಿಯ ತೊಡಕು ಇನ್ನೊಂದು. ನೋಡಿಕೊಳ್ಳುವ ಮಾವ ವಿಟ್ಲದಲ್ಲೋ ಪುತ್ತೂರಿನಲ್ಲೋ ಇದ್ದರೆ, ಮಗುವನ್ನು ಅಲ್ಲಿಗೆ ವರ್ಗಾಯಿಸುವ ಮುನ್ನ ಕಾಸರಗೋಡಿನ ಸಮಿತಿ ದಕ್ಷಿಣ ಕನ್ನಡದ ಸಮಿತಿಯೊಡನೆ ಸಮಾಲೋಚಿಸಬೇಕು. ಮಾವನ ಮನೆಯ ವರದಿ ಅಲ್ಲಿನವರಿಂದಲೇ ಬರಬೇಕು. ಗಡಿಯ ತಲಪಾಡಿ ದಾಟುವುದು ಮನುಷ್ಯರಿಗೆ ಐದು ನಿಮಿಷ, ಸರಕಾರಿ ಪತ್ರಕ್ಕೆ ತಿಂಗಳು. ಮಾವ ಕಾಸರಗೋಡಿಗೇ ಅಲೆಯುವ ಬದಲು, ಇಲ್ಲಿನ ಕೇಸ್ ನಂಬರು ಹಿಡಿದು ಮಂಗಳೂರಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ, ವರದಿಯ ಕೋರಿಕೆ ತಲುಪಿದೆಯೇ ಎಂದು ವಿಚಾರಿಸಲಿ. ಆದೇಶವಾದ ಮೇಲೆ ಪೊಲೀಸರು ಜೊತೆಗಿದ್ದು ಕರೆದೊಯ್ಯುತ್ತಾರೆ. ಹುಡುಗಿಯಾದರೆ ಮಹಿಳಾ ಪೊಲೀಸ್ ಇರಲೇಬೇಕು.

ಬಡತನವೊಂದೇ ಕಾರಣವಾದರೆ ಬಾಲಮಂದಿರದ ಮಾತೇ ಬೇಡ. ವಿಧವೆ ತಾಯಿಯ ಬಳಿ, ಅಥವಾ ಅನಾಥವಾಗಿ ಬಂಧುಗಳ ಮನೆಯಲ್ಲಿರುವ ಮಗುವಿಗೆ ಕೇಂದ್ರ ಸರಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ ಗ್ರಾಮೀಣ ಭಾಗದಲ್ಲಿ 72,000, ಉಳಿದೆಡೆ 96,000 ರೂಪಾಯಿ ಮೀರಿರಬಾರದು. ಅರ್ಜಿ ಹೋಗುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. "ಹಾಸ್ಟೆಲಿನ ಹಾಗೆ ಅಲ್ಲಿದ್ದು ಕಲಿಯಲಿ" ಎಂದು ಬಿಟ್ಟು ಬರುವವರಿಗೆ ಇದನ್ನು ಮೊದಲೇ ಯಾರೂ ಹೇಳಿರುವುದಿಲ್ಲ.

ಆದೇಶ ತಡವಾದರೂ ಪರೀಕ್ಷೆ, ಬಂಧುಗಳ ಮದುವೆ, ಮನೆಯಲ್ಲಿ ಸಾವು, ಗಂಭೀರ ಕಾಯಿಲೆ ಇದ್ದಾಗ ಸಮಿತಿ ರಜೆ ಕೊಡಬಹುದು: ಸಾಮಾನ್ಯವಾಗಿ ಒಮ್ಮೆಗೆ ಏಳು ದಿನದವರೆಗೆ, ಪ್ರಯಾಣದ ಸಮಯ ಬಿಟ್ಟು. ಮದುವೆಯ ಕಾಗದ ಲಗತ್ತಿಸಿ ಮುಂಚಿತವಾಗಿ ಕೇಳಿ. ಹೇಳಿದ ದಿನ ತಿರುಗಿ ಬಿಡಿ. ತಪ್ಪಿದರೆ ಮುಂದಿನ ಸಲ ಕೇಳುವ ಮುಖವೂ ಇರುವುದಿಲ್ಲ, ಅಂತಿಮ ಆದೇಶಕ್ಕೂ ಅದು ಪೆಟ್ಟು.