ಓಡುವ ದೇಹದಲ್ಲೂ ಏರುವ ರಕ್ತದೊತ್ತಡ

ವ್ಯಾಯಾಮದಿಂದ ರಕ್ತದೊತ್ತಡ ತಗ್ಗುತ್ತದೆ ಎಂಬುದು ನಿಜ. ಆದರೆ ವ್ಯಾಯಾಮ ಮಾಡುವವರಿಗೆ ರಕ್ತದೊತ್ತಡ ಏರುವುದೇ ಇಲ್ಲ ಎಂದು ಅದರಿಂದ ತೀರ್ಮಾನಿಸಲಾಗದು. ದೂರದ ಓಟವನ್ನೂ ತೂಕ ಎತ್ತುವ ಅಭ್ಯಾಸವನ್ನೂ ಹಲವು ವರ್ಷಗಳಿಂದ ಬಿಡದೆ ನಡೆಸಿಕೊಂಡು ಬಂದಿರುವ ನನಗೆ, ಹಲ್ಲಿನ ಚಿಕಿತ್ಸೆಗೆ ಮುಂಚಿನ ತಪಾಸಣೆಯಲ್ಲಿ 168/102 ಎಂಬ ಅಂಕಿ ಕಂಡಿತು. ಹಿಂದಿನ ವರ್ಷದವರೆಗೂ ಮೇಲಿನ ಅಂಕಿ, ಅಂದರೆ ಹೃದಯ ಕುಗ್ಗಿ ರಕ್ತವನ್ನು ಹೊರದೂಡುವಾಗಿನ ಒತ್ತಡ, 120ರ ಆಸುಪಾಸಿನಲ್ಲೇ ಇತ್ತು. ತಲೆನೋವಿರಲಿಲ್ಲ, ತಲೆಸುತ್ತಿರಲಿಲ್ಲ, ಓಟದ ವೇಗವೂ ಕುಗ್ಗಿರಲಿಲ್ಲ. ಇಂಥ ಹೊತ್ತಿನಲ್ಲಿ ಜೊತೆಯ ಓಟಗಾರರಿಂದ ಎರಡು ಬಗೆಯ ಸಲಹೆ ಬರುತ್ತದೆ. ಯಂತ್ರ ಕೆಟ್ಟಿರಬೇಕು, ತಲೆಕೆಡಿಸಿಕೊಳ್ಳಬೇಡ ಎನ್ನುವುದು ಒಂದು; ಇನ್ನಷ್ಟು ಓಡು, ತಾನಾಗಿಯೇ ಇಳಿಯುತ್ತದೆ ಎನ್ನುವುದು ಇನ್ನೊಂದು. ಎರಡನ್ನೂ ಬದಿಗಿಟ್ಟು, ಏರಿದ್ದು ಏಕೆ ಎಂದು ವೈದ್ಯರ ಜೊತೆ ಕೂತು ಹುಡುಕುವುದೇ ಸರಿಯಾದ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹುಡುಕಾಟ ಶುರುವಾಗಬೇಕಾದದ್ದು ಅಳತೆಯಿಂದ. ರಕ್ತದೊತ್ತಡ ಇಡೀ ದಿನ ಏರಿಳಿಯುತ್ತಲೇ ಇರುತ್ತದೆ; ಆಸ್ಪತ್ರೆಯ ಕುರ್ಚಿಯಲ್ಲಿ ಕೂತಾಗ ಮಾತ್ರ ಅದು ಏರುವವರೂ ಇದ್ದಾರೆ, ಅಲ್ಲಿ ಸರಿಯಿದ್ದು ಮನೆಯಲ್ಲಿ ಏರುವವರೂ ಇದ್ದಾರೆ. ಆದ್ದರಿಂದ ವೈದ್ಯರು ನನಗೆ ಮೊದಲು ಹೇಳಿದ್ದು, ತೋಳಿಗೆ ಕಟ್ಟುವ ಯಂತ್ರವೊಂದನ್ನು ತಂದು ಏಳು ದಿನ ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ಅಳೆದು ಬರೆದಿಡಬೇಕು, ಮೊದಲ ದಿನದ್ದನ್ನು ಬಿಟ್ಟು ಉಳಿದುದರ ಸರಾಸರಿ ತೆಗೆಯಬೇಕು ಎಂದು. ಅಳೆಯುವ ಮುನ್ನ ಅರ್ಧ ಗಂಟೆ ಕಾಫಿ, ಧೂಮಪಾನ, ವ್ಯಾಯಾಮ ಯಾವುದೂ ಇರಬಾರದು. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಕಾಲ ಮೇಲೆ ಕಾಲು ಹಾಕದೆ ಪಾದಗಳನ್ನು ನೆಲಕ್ಕೂರಿ, ಐದು ನಿಮಿಷ ಮಾತಿಲ್ಲದೆ ಕೂತ ಮೇಲೆ, ತೋಳನ್ನು ಹೃದಯದ ಮಟ್ಟಕ್ಕೆ ಬರುವಂತೆ ಮೇಜಿನ ಮೇಲಿಟ್ಟು ಅಳೆಯಬೇಕು. ಮೊದಲ ದಿನ ಎರಡೂ ತೋಳುಗಳಲ್ಲಿ ಅಳೆದು, ಹೆಚ್ಚು ತೋರಿಸುವ ತೋಳಿನಲ್ಲೇ ಮುಂದೆಲ್ಲ ಅಳೆಯುವುದು ಪದ್ಧತಿ.

ಕಸರತ್ತು ಮಾಡುವವರು ಇದರಲ್ಲಿ ವಿಶೇಷವಾಗಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ಯಂತ್ರದ ಜೊತೆ ಬರುವ ಸಾಮಾನ್ಯ ಅಳತೆಯ ಪಟ್ಟಿ ದಪ್ಪ ಸ್ನಾಯುಗಳ ತೋಳಿಗೆ ಬಿಗಿಯಾಗುತ್ತದೆ, ಆಗ ಯಂತ್ರ ಇರುವುದಕ್ಕಿಂತ ಹೆಚ್ಚಿನ ಅಂಕಿಯನ್ನು ತೋರಿಸುತ್ತದೆ. ಟೇಪಿನಿಂದ ತೋಳಿನ ಸುತ್ತಳತೆ ನೋಡಿ ಅದಕ್ಕೆ ತಕ್ಕ ಪಟ್ಟಿ ಕೊಳ್ಳಬೇಕು. ಇನ್ನೊಂದು ಇದಕ್ಕೆ ತದ್ವಿರುದ್ಧವಾದದ್ದು. ಓಟ, ಈಜು, ಸೈಕಲ್ ಸವಾರಿಯಂಥ ವ್ಯಾಯಾಮ ಮುಗಿದ ಮೇಲೆ ಹಲವು ಗಂಟೆಗಳ ಕಾಲ ರಕ್ತದೊತ್ತಡ ಎಂದಿಗಿಂತ ಕೆಳಗಿರುತ್ತದೆ, ಆದ್ದರಿಂದ ಓಡಿ ಬಂದು ಸುಧಾರಿಸಿಕೊಂಡು ಅಳೆದರೆ ಸಮಾಧಾನ ಕೊಡುವ ಅಂಕಿಯೇ ಸಿಗುತ್ತದೆ. ನಾನು ಬೆಳಗಿನ ಅಳತೆಯನ್ನು ಓಟಕ್ಕೆ ಮುಂಚೆಯೇ ಮುಗಿಸುತ್ತೇನೆ.

ಮನೆಯಲ್ಲಿ ತೆಗೆದ ಸರಾಸರಿ 135/85 ಅಥವಾ ಅದಕ್ಕಿಂತ ಮೇಲಿದ್ದರೆ ರಕ್ತದೊತ್ತಡ ಹೆಚ್ಚಿದೆ ಎಂದೇ ಬಹುತೇಕ ಮಾರ್ಗಸೂಚಿಗಳು ಹೇಳುತ್ತವೆ. ಅಮೆರಿಕದ ಹೃದ್ರೋಗ ಸಂಸ್ಥೆಗಳು 2017ರಲ್ಲಿ ಆ ಗೆರೆಯನ್ನು 130/80ಕ್ಕೆ ಇಳಿಸಿದವು. ನನ್ನ ಸರಾಸರಿ 156/97 ಬಂತು. ಯಂತ್ರದ ಮೇಲೆ ತಪ್ಪು ಹೊರಿಸುವ ಅವಕಾಶ ಅಲ್ಲಿಗೆ ಮುಗಿಯಿತು. ಇಲ್ಲಿಯೇ ಹೇಳಿಬಿಡಬೇಕಾದ ಮಾತೊಂದಿದೆ: ಅಂಕಿ 180/120ನ್ನು ದಾಟಿ, ಅದರ ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ತೀವ್ರ ತಲೆನೋವು, ದೃಷ್ಟಿ ಮಂಜಾಗುವುದು, ಮಾತು ತೊದಲುವುದು, ಒಂದು ಬದಿಯ ಕೈಕಾಲು ಸೋಲುವುದು ಇವುಗಳಲ್ಲಿ ಯಾವುದೇ ಇದ್ದರೂ, ಮತ್ತೊಮ್ಮೆ ಅಳೆದು ನೋಡುತ್ತ ಕೂರದೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಬೇಕು.

ಇನ್ನು ಕಾರಣದ ವಿಷಯ. ರಕ್ತದೊತ್ತಡ ಸಾಮಾನ್ಯವಾಗಿ ವಯಸ್ಸಿನ ಜೊತೆ, ಮನೆತನದ ಗುಣದ ಜೊತೆ ನಿಧಾನವಾಗಿ ಏರುತ್ತದೆ. ಒಂದು ವರ್ಷದೊಳಗೆ ಇಷ್ಟು ಜಿಗಿದಿದ್ದರೆ ಹೊಸದಾಗಿ ಏನು ಸೇರಿತು ಎಂದು ಕೇಳಬೇಕು. ವೈದ್ಯರ ಮೊದಲ ಪ್ರಶ್ನೆಯೂ ಅದೇ ಆಗಿತ್ತು: ಏನೇನು ಮಾತ್ರೆ, ಪುಡಿ, ಪಾನೀಯ ತೆಗೆದುಕೊಳ್ಳುತ್ತೀರಿ, ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವುದನ್ನೂ ಸೇರಿಸಿ ಹೇಳಿ. ಮೊಣಕಾಲಿನ ನೋವಿಗೆ ಆ ವರ್ಷ ನನಗೆ ಡೈಕ್ಲೋಫೆನಾಕ್ ಕೊಟ್ಟಿದ್ದರು, ಅದು ತಿಂಗಳುಗಟ್ಟಲೆ ಮುಂದುವರಿದಿತ್ತು. ಅದನ್ನು ಕೇಳಿದ ಕೂಡಲೇ ಅವರು ಪೆನ್ನು ಕೈಗೆತ್ತಿಕೊಂಡರು.

ಐಬುಪ್ರೊಫೆನ್, ಡೈಕ್ಲೋಫೆನಾಕ್, ನ್ಯಾಪ್ರೊಕ್ಸೆನ್ ಮುಂತಾದ ನೋವಿನ ಮಾತ್ರೆಗಳು ದೇಹದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳ ತಯಾರಿಕೆಯನ್ನು ತಡೆಯುತ್ತವೆ. ನೋವು, ಊತ ಕಡಿಮೆಯಾಗುವುದು ಅದರಿಂದಲೇ. ಆದರೆ ಮೂತ್ರಪಿಂಡದ ರಕ್ತನಾಳಗಳನ್ನು ಸಡಿಲವಾಗಿಡುವುದೂ ಉಪ್ಪನ್ನು ಹೊರಹಾಕಲು ನೆರವಾಗುವುದೂ ಅದೇ ಪ್ರೊಸ್ಟಾಗ್ಲಾಂಡಿನ್‌ಗಳ ಕೆಲಸ; ಅವು ಕಡಿಮೆಯಾದಾಗ ಉಪ್ಪು ಮತ್ತು ನೀರು ದೇಹದಲ್ಲೇ ಉಳಿದು ಒತ್ತಡ ಏರುತ್ತದೆ. ಎಲ್ಲರಲ್ಲೂ ಸಮನಾಗಿ ಏರುವುದಿಲ್ಲ, ಕೆಲವರಲ್ಲಿ ಸ್ವಲ್ಪವೂ ಏರದು. ಓಟಗಾರರ ಚೀಲದಲ್ಲಿ ಈ ಮಾತ್ರೆ ನೀರಿನ ಬಾಟಲಿಯಷ್ಟೇ ಸಹಜವಾಗಿ ಇರುತ್ತದೆ ಎಂಬುದೇ ನನಗೆ ಚಿಂತೆಯ ವಿಷಯ. ದೀರ್ಘ ಓಟದಲ್ಲಿ ದೇಹ ನೀರು ಕಳೆದುಕೊಂಡಿರುವಾಗ ಇವನ್ನು ನುಂಗುವುದು ಮೂತ್ರಪಿಂಡಕ್ಕೂ ಅಪಾಯ. ಇವುಗಳ ಬದಲಿಗೆ ಪ್ಯಾರಾಸಿಟಮಾಲ್ ನಿರಪಾಯ ಎಂದು ಅನೇಕರು ಭಾವಿಸುತ್ತಾರೆ. 2022ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮೊದಲೇ ರಕ್ತದೊತ್ತಡವಿದ್ದವರು ಎರಡು ವಾರ ದಿನಕ್ಕೆ 4 ಗ್ರಾಂ ಪ್ಯಾರಾಸಿಟಮಾಲ್ ಸೇವಿಸಿದಾಗ ಮೇಲಿನ ಅಂಕಿ ಸುಮಾರು 5ರಷ್ಟು ಏರಿತ್ತು. ಅಪರೂಪಕ್ಕೆ ಒಂದು ಮಾತ್ರೆಗೆ ಹೆದರಬೇಕಿಲ್ಲ. ದಿನವೂ ನುಂಗುತ್ತಿದ್ದರೆ ವೈದ್ಯರಿಗೆ ತಿಳಿಸಲೇಬೇಕು.

ಮೂಗು ಕಟ್ಟಿದಾಗ ತೆಗೆದುಕೊಳ್ಳುವ ಸ್ಯೂಡೊಎಫೆಡ್ರಿನ್, ಸ್ಟಿರಾಯ್ಡ್‌ಗಳು, ಕೆಲವು ಗರ್ಭನಿರೋಧಕ ಮಾತ್ರೆಗಳು, ಕೆಫೀನ್ ತುಂಬಿದ ಪಾನೀಯಗಳು ಮತ್ತು ವ್ಯಾಯಾಮಕ್ಕೆ ಮುಂಚೆ ಕುಡಿಯುವ ಪುಡಿಗಳು, ಮದ್ಯ ಇವೆಲ್ಲ ಇದೇ ಸಾಲಿಗೆ ಸೇರುತ್ತವೆ. ನಿದ್ರೆಯಲ್ಲಿ ಉಸಿರು ನಿಂತು ನಿಂತು ಬರುವ ತೊಂದರೆಯನ್ನು ದೇಹ ಗಟ್ಟಿಮುಟ್ಟಾಗಿದೆ ಎಂಬ ಕಾರಣಕ್ಕೆ ತಳ್ಳಿಹಾಕಬಾರದು; ಜೋರಾದ ಗೊರಕೆ, ಹಗಲಿನ ತೂಕಡಿಕೆ ಇದ್ದರೆ ಪರೀಕ್ಷೆ ಅಗತ್ಯ. ಮೂತ್ರಪಿಂಡದ ಕಾಯಿಲೆ, ಅದಕ್ಕೆ ಹೋಗುವ ಅಪಧಮನಿಯ ಕಿರಿದಾಗುವಿಕೆ, ಥೈರಾಯ್ಡ್‌ನ ಏರುಪೇರು, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ, ಉಪ್ಪನ್ನು ದೇಹದಲ್ಲೇ ಹಿಡಿದಿಡುವ ಆಲ್ಡೊಸ್ಟೆರೋನ್ ಹಾರ್ಮೋನನ್ನು ಅತಿಯಾಗಿ ಸುರಿಸುವುದು ಇವೂ ಇವೆ. ಕೊನೆಯದನ್ನು ಅಮೆರಿಕದ ವೈದ್ಯ ಜೆರೋಮ್ ಕಾನ್ 1955ರಲ್ಲಿ ವಿವರಿಸಿದರು. ಅಪರೂಪದ್ದೆಂದು ಬಹುಕಾಲ ಎಣಿಸಿದ್ದ ಈ ತೊಂದರೆ ಅಷ್ಟೇನೂ ಅಪರೂಪವಲ್ಲವೆಂದು ಈಗ ತಿಳಿದಿದೆ, ಚಿಕ್ಕ ವಯಸ್ಸಿನಲ್ಲಿ ಅಥವಾ ಏಕಾಏಕಿ ಒತ್ತಡ ಏರಿದವರು ಇದರ ರಕ್ತಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳುವುದು ಒಳ್ಳೆಯದು. ನನಗೆ ಮೂತ್ರದಲ್ಲಿ ಪ್ರೋಟೀನ್, ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಅಂಶ), ಪೊಟ್ಯಾಸಿಯಂ, ಸಕ್ಕರೆ, ಥೈರಾಯ್ಡ್, ಆಲ್ಡೊಸ್ಟೆರೋನ್ ಪರೀಕ್ಷೆಗಳೂ ಇ.ಸಿ.ಜಿ.ಯೂ ಆದವು. ಎಲ್ಲವೂ ಸರಿಯಿದ್ದವು. ನೋವಿನ ಮಾತ್ರೆ ನಿಲ್ಲಿಸಿದ ಕೆಲವು ವಾರಗಳಲ್ಲಿ ಅಂಕಿ 144/92ಕ್ಕೆ ಇಳಿಯಿತು, ಅಲ್ಲೇ ನಿಂತಿತು. ತಂದೆಗೂ ಅಜ್ಜಿಗೂ ಇದ್ದ ರಕ್ತದೊತ್ತಡ ನನ್ನಲ್ಲಿ ಮೆಲ್ಲಗೆ ಬರುತ್ತಿತ್ತೆಂದೂ ಮಾತ್ರೆ ಅದನ್ನು ಮುಂಚಿತವಾಗಿ ಬಯಲಿಗೆ ತಂದಿತೆಂದೂ ವೈದ್ಯರು ವಿವರಿಸಿದರು.

ವ್ಯಾಯಾಮ ನಿಲ್ಲಿಸಬೇಕೆ? ಈ ಪ್ರಶ್ನೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿತು. ಓಡುವಾಗ ಮೇಲಿನ ಅಂಕಿ 180, 200ರವರೆಗೆ ಏರುವುದು ಆರೋಗ್ಯವಂತರಲ್ಲೂ ಸಹಜ, ಏಕೆಂದರೆ ಹೃದಯ ಹೆಚ್ಚು ರಕ್ತವನ್ನು ಹೊರದೂಡುತ್ತಿರುತ್ತದೆ. ಆದರೆ ದುಡಿಯುವ ಸ್ನಾಯುಗಳ ರಕ್ತನಾಳಗಳು ಅರಳುವುದರಿಂದ ಕೆಳಗಿನ ಅಂಕಿ ಇದ್ದಲ್ಲೇ ಇರುತ್ತದೆ ಅಥವಾ ತುಸು ಇಳಿಯುತ್ತದೆ. ಭಾರ ಎತ್ತುವಾಗ ನಡೆಯುವುದು ಬೇರೆ. ಬಿಗಿದ ಸ್ನಾಯುಗಳು ರಕ್ತನಾಳಗಳನ್ನು ಒತ್ತುತ್ತವೆ, ಜೊತೆಗೆ ಉಸಿರು ಬಿಗಿಹಿಡಿದರೆ ಎದೆಯೊಳಗಿನ ಒತ್ತಡವೂ ಸೇರುತ್ತದೆ. 1985ರಲ್ಲಿ ದೇಹದಾರ್ಢ್ಯಪಟುಗಳ ಅಪಧಮನಿಯೊಳಗೇ ನೇರವಾಗಿ ಅಳೆದು ನೋಡಿದಾಗ, ಎರಡೂ ಕಾಲುಗಳಿಂದ ಗರಿಷ್ಠ ಭಾರ ತಳ್ಳುವ ಹೊತ್ತಿನಲ್ಲಿ ಸರಾಸರಿ 320/250 ದಾಖಲಾಗಿತ್ತು. ಆ ಅಂಕಿಯನ್ನು ಓದಿದ ಮೇಲೆ, ವಿಶ್ರಾಂತಿಯಲ್ಲಿ 160/100ಕ್ಕಿಂತ ಮೇಲಿರುವವರು ಹತೋಟಿಗೆ ಬರುವವರೆಗೆ ಗರಿಷ್ಠ ಭಾರ ಎತ್ತಬಾರದು ಎಂಬ ಸಲಹೆಯ ಅರ್ಥ ನನಗೆ ಚೆನ್ನಾಗಿ ಹೊಳೆಯಿತು. ವಿಶ್ರಾಂತಿಯಲ್ಲೇ 200/110ನ್ನು ಮೀರಿದ್ದರೆ ಆ ದಿನ ಯಾವ ವ್ಯಾಯಾಮವೂ ಬೇಡ.

ನನಗೆ ಓಟ ನಿಲ್ಲಿಸಲು ಯಾರೂ ಹೇಳಲಿಲ್ಲ. ಮಾತಾಡುತ್ತ ಸಾಗಬಹುದಾದ ವೇಗಕ್ಕೆ ಕೆಲಕಾಲ ಇಳಿಸಿದೆ, ವೇಗದ ತುಂಡು ಓಟಗಳನ್ನು ಮುಂದೂಡಿದೆ. ಭಾರವನ್ನು ಅರ್ಧಕ್ಕೆ ತಂದು, ಎತ್ತುವಾಗ ಉಸಿರು ಬಿಡುವ ಅಭ್ಯಾಸ ಮಾಡಿಕೊಂಡೆ. ವಿಚಿತ್ರವೆಂದರೆ ಅಲುಗಾಡದೆ ಸ್ನಾಯು ಬಿಗಿಹಿಡಿಯುವ ವ್ಯಾಯಾಮಗಳು, ಉದಾಹರಣೆಗೆ ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಂತೆ ಕೂರುವುದು, ಮಾಡುವ ಹೊತ್ತಿಗೆ ಒತ್ತಡ ಏರಿಸಿದರೂ ವಾರಗಳ ಅಭ್ಯಾಸದಲ್ಲಿ ವಿಶ್ರಾಂತಿಯ ಒತ್ತಡವನ್ನು ಚೆನ್ನಾಗಿ ತಗ್ಗಿಸುತ್ತವೆ ಎಂದು ಅನೇಕ ಪ್ರಯೋಗಗಳು ತೋರಿಸಿವೆ. ಅದನ್ನು ಹತೋಟಿ ಬಂದ ಮೇಲೆ, ಉಸಿರು ಹಿಡಿಯದೆ ಮಾಡಬೇಕು.

ಉಪ್ಪಿನ ಬಗ್ಗೆ ದೀರ್ಘವಾಗಿ ಹೇಳುವ ಅಗತ್ಯವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಬೆವರಿನಲ್ಲಿ ಉಪ್ಪು ಹೋಗುತ್ತದೆಂದು ಒಂದು ಗಂಟೆಯೊಳಗಿನ ಓಟಕ್ಕೂ ಲವಣದ ಪಾನೀಯ ಕುಡಿಯುವ ರೂಢಿಯನ್ನು ನಾವು ಬಿಡಬಹುದು. ಅಷ್ಟಕ್ಕೆ ನೀರು ಸಾಕು.

ಔಷಧದ ಮಾತು ಬಂದಾಗ ಸಕ್ರಿಯರಾದವರು ತಮ್ಮ ವ್ಯಾಯಾಮದ ವಿವರವನ್ನು ವೈದ್ಯರಿಗೆ ಬಿಡಿಸಿ ಹೇಳಲೇಬೇಕು, ಏಕೆಂದರೆ ಆಯ್ಕೆ ಅದರ ಮೇಲೆ ನಿಲ್ಲುತ್ತದೆ. ಬೀಟಾ ಬ್ಲಾಕರ್‌ಗಳು ನಾಡಿಬಡಿತ ಏರದಂತೆ ತಡೆಯುವುದರಿಂದ ಓಟ ಭಾರವೆನಿಸುತ್ತದೆ, ನಾಡಿಯನ್ನು ನೋಡಿ ವೇಗ ನಿರ್ಧರಿಸುವ ಲೆಕ್ಕವೂ ಕೆಡುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆಗಳು ನೀರು ಮತ್ತು ಲವಣಗಳನ್ನು ಕಳೆಯುತ್ತವೆ. ಸ್ಪರ್ಧಿಗಳಿಗೆ ಅವು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧಿತ ಪಟ್ಟಿಯಲ್ಲೂ ಇವೆ. ಅಮ್ಲೊಡಿಪಿನ್‌ನಿಂದ ಕೆಲವರ ಪಾದದ ಗಂಟು ಊದಿಕೊಳ್ಳುತ್ತದೆ, ಎನಲಾಪ್ರಿಲ್ ಗುಂಪಿನ ಮಾತ್ರೆಗಳಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ, ಆದರೆ ಈ ಎರಡೂ ಗುಂಪುಗಳು ಮತ್ತು ಟೆಲ್ಮಿಸಾರ್ಟನ್‌ನಂಥವು ಓಟದ ಸಾಮರ್ಥ್ಯಕ್ಕೆ ಅಷ್ಟಾಗಿ ಅಡ್ಡಿಯಾಗುವುದಿಲ್ಲ. ಗರ್ಭಿಣಿಯರಿಗೆ ಮತ್ತು ಗರ್ಭ ಧರಿಸುವ ಯೋಚನೆಯಲ್ಲಿರುವವರಿಗೆ ಎನಲಾಪ್ರಿಲ್, ಟೆಲ್ಮಿಸಾರ್ಟನ್ ಗುಂಪುಗಳು ಸಲ್ಲವು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಈ ಮಾತ್ರೆಗಳ ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆಯೂ ನೋವಿನ ಮಾತ್ರೆಯೂ ಒಟ್ಟಿಗೆ ಸೇರಿದರೆ ಮೂತ್ರಪಿಂಡ ಏಕಾಏಕಿ ಸೋಲುವ ಅಪಾಯವಿದೆ.

ನಾನೀಗ ಟೆಲ್ಮಿಸಾರ್ಟನ್ ತೆಗೆದುಕೊಳ್ಳುತ್ತಿದ್ದೇನೆ. ಬೆಳಗಿನ ಅಂಕಿ ಹೆಚ್ಚುಕಡಿಮೆ 126/80ರಲ್ಲಿ ನಿಂತಿದೆ. ಶುರುವಿನಲ್ಲಿ ಓಟ ಮುಗಿಸಿ ಥಟ್ಟನೆ ನಿಂತಾಗ ಕಣ್ಣು ಕತ್ತಲಿಡುತ್ತಿತ್ತು. ಕೊನೆಯ ಹತ್ತು ನಿಮಿಷ ನಡಿಗೆಗೆ ಇಳಿದು, ನಂತರ ನಿಲ್ಲುವುದರಿಂದ ಅದು ಹೋಯಿತು. ವಾಂತಿಭೇದಿಯಾದ ದಿನ ಮಾತ್ರೆಯನ್ನು ನುಂಗಬೇಕೋ ತಡೆಹಿಡಿಯಬೇಕೋ ಎಂಬುದನ್ನು ಮುಂಚಿತವಾಗಿ ಕೇಳಿ ಬರೆದುಕೊಂಡಿದ್ದೇನೆ. ಮೊಣಕಾಲಿಗೆ ಈಗ ತೊಡೆಯ ಸ್ನಾಯುಗಳನ್ನು ಬಲಪಡಿಸುವ ಫಿಸಿಯೋಥೆರಪಿ ನಡೆಯುತ್ತಿದೆ. ಮುಂದಿನ ಭೇಟಿಯಲ್ಲಿ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಮತ್ತೊಮ್ಮೆ ನೋಡುತ್ತಾರೆ. ಮಾತ್ರೆಯ ಪ್ರಮಾಣ ಇಳಿಸುವುದೋ ಹೀಗೆಯೇ ಮುಂದುವರಿಸುವುದೋ ಎಂಬುದನ್ನು ಅವರು ಆ ವರದಿಯನ್ನೂ ನನ್ನ ಪುಸ್ತಕದಲ್ಲಿರುವ ಬೆಳಗಿನ ಅಂಕಿಗಳನ್ನೂ ಒಟ್ಟಿಗಿಟ್ಟು ತೀರ್ಮಾನಿಸಲಿದ್ದಾರೆ.